ಕರಿ ಪರದೆಯೊಳಗಿನ ರೈಡು

ನನ್ನ ಲ್ಯಾಪ್‌ಟಾಪಿನ ಪರದೆ ಒಡೆದದ್ದು ಯಾರಿಂದ ಅಂತ ಕೇಳಿದರೆ ಹಾರನಹಳ್ಳಿಯವರು ಕಟ್ಟೆಮಳಲವಾಡಿಯವರ ಕಡೆ ಬೆರಳು ತೋರಿಸುತ್ತಾರೆ, ಕಟ್ಟೆಮಳಲವಾಡಿಯವರು ಹಾರನಹಳ್ಳಿಯವರ ಕಡೆ. ನನ್ನನ್ನು ಕೇಳಿದರೆ ಎರಡೂ ಊರಿನವರನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಬಿಗಿಯಬೇಕು. ಆದರೆ ಆ ದಿನ ಸಂಜೆ ನನಗೆ ಬಿಗಿಯುವ ಯೋಚನೆಯೇ ಬರಲಿಲ್ಲ. ಬಾಯಿ ಬಿಟ್ಟುಕೊಂಡು ಕುಣಿದವರಲ್ಲಿ ನಾನೂ ಒಬ್ಬಳು.

ನಾನು ವಾಣಿಶ್ರೀ. ಎರಡು ಸಾವಿರದ ಎಂಟನೇ ಇಸವಿಯಲ್ಲಿ ಹಾರನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಕ್ಲಾಸು ಅಂದರೆ ಎರಡು ಹಳೇ ಕಂಪ್ಯೂಟರು. ಸಿಡಿಲು ಬಡಿದು ಎರಡರ ಸಿಪಿಯುವೂ ಸುಟ್ಟು ಮೈಸೂರಿಗೆ ರಿಪೇರಿಗೆ ಹೋಗಿದ್ದವು. ಡುಬ್ಬದ ಮಾನಿಟರುಗಳು ಮಾತ್ರ ಬಟ್ಟೆ ಹೊದ್ದು ಕೂತಿದ್ದವು. ಪಾಠ ನಿಲ್ಲಬಾರದು ಅಂತ ಎಚ್.ಡಿ. ಕೋಟೆಯ ಧರ್ಮೇಂದ್ರನ ಅಂಗಡಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ತಂದಿದ್ದೆ. ಅದು ಬಂದು ಇನ್ನೂ ಒಂದು ವಾರ. ಅದರ ಗುಣ ಏನು, ಅವಗುಣ ಏನು ಅಂತ ನನಗೂ ಸರಿಯಾಗಿ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಊರಲ್ಲಿ ಹೆಂಗಸರ ಕಬಡ್ಡಿ ಬಂತು. ಅದು ಚಾಮುಂಡತ್ತೆಯ ಕೆಲಸ. ಅತ್ತೆ ಅಂದರೆ ರಕ್ತಸಂಬಂಧವಲ್ಲ, ನಮ್ಮ ಪಕ್ಕದ ಮನೆಯವರು, ಮಹಿಳಾ ಸಂಘದ ಅಧ್ಯಕ್ಷೆ. ಗಂಡಸರು ವರ್ಷ ವರ್ಷ ಕಬಡ್ಡಿ ಆಡಿಸುತ್ತಾರೆ, ನಾವೇನು ಅವರಿಗೆ ಕಾಫಿ ಕಾಯಿಸೋಕೆ ಹುಟ್ಟಿದ್ದಾ ಅಂತ ಜಗಳ ತೆಗೆದು ಹೆಂಗಸರ ಟೂರ್ನಮೆಂಟು ಶುರು ಮಾಡಿದವರು. ಮಗನಿಗೆ ಹೆಣ್ಣು ನೋಡಿದ್ದೂ ಕಬಡ್ಡಿಯಲ್ಲೇ. ಬಿಳಿಕೆರೆಯ ಒಂದು ಪಂದ್ಯದಲ್ಲಿ ಕಟ್ಟೆಮಳಲವಾಡಿಯ ಸುಧಾ ಅನ್ನುವ ಹುಡುಗಿ ನಾಲ್ಕು ಜನರನ್ನು ದರದರ ಎಳೆದುಕೊಂಡು ಬಂದು ಗೆರೆ ಮುಟ್ಟಿದ್ದನ್ನು ನೋಡಿದರು. ಜಾತಕ ಗೀತಕ ಕೇಳದೆ, "ಈ ಮಗೀನೇ ನನ್ ಸೊಸೆ" ಅಂದುಬಿಟ್ಟರು. ಮಗ ಶಿವಶಂಕರನನ್ನು ಕೇಳಿದ್ದು ಆಮೇಲೆ. ಪುಣ್ಯಕ್ಕೆ ಅವನೂ ಹೂಂ ಅಂದ.

ಹಾಗಾಗಿ ಸುಧಾ ಈಗ ನಮ್ಮೂರ ಸೊಸೆ, ನಮ್ಮ ತಂಡದ ಕ್ಯಾಪ್ಟನ್. ಫೈನಲ್ಲಿಗೆ ಎದುರು ಬಂದದ್ದು ಯಾರು ಅಂತೀರಿ? ಅವಳ ತವರೂರು ಕಟ್ಟೆಮಳಲವಾಡಿ. ಆ ತಂಡದಲ್ಲಿ ಕ್ಯಾಚ್ ಹಿಡಿಯುವುದರಲ್ಲಿ ಎತ್ತಿದ ಕೈ ಯಾರು? ಸುಧಾಳ ಒಡಹುಟ್ಟಿದ ತಂಗಿ ಅನು. ಬೆಳಿಗ್ಗೆಯಿಂದ ಮೈದಾನದಲ್ಲಿ ಇದೇ ಮಾತು. ಪುಟ್ಟಸ್ವಾಮಿ ಅಂತ ನಮ್ಮೂರಲ್ಲಿ ಒಬ್ಬನಿದ್ದಾನೆ, ಅವನ ಬಾಯಿಗೆ ಬೀಗ ಹಾಕುವ ಗಂಡು ಇನ್ನೂ ಹುಟ್ಟಿಲ್ಲ. ಅವನಂತೂ ಟಾಸಿಗೆ ಮುಂಚೆಯೇ, "ತವರು ದೊಡ್ಡದೋ ಗಂಡನ್ ಮನೆ ದೊಡ್ಡದೋ, ಇವತ್ ಗೊತ್ತಾಯ್ತದೆ ಕಣ್ರಲಾ" ಅಂತ ಕೂಗಿಕೊಂಡು ತಿರುಗುತ್ತಿದ್ದ.

ನಾನು ನಡುಗೆರೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನನ್ನ ಪುಟ್ಟ ಕ್ಯಾಮೆರಾದಲ್ಲಿ ವಿಡಿಯೊ ಹಿಡಿಯುತ್ತಿದ್ದೆ. ಪಂದ್ಯ ಅಂದರೆ ಪಂದ್ಯ. ಇವರು ಎರಡು ಪಾಯಿಂಟು ತಂದರೆ ಅವರು ಎರಡು, ಅವರು ಮೂರು ತಂದರೆ ಇವರು ಮೂರು. ಕೂಗಿ ಕೂಗಿ ನನ್ನ ಗಂಟಲು ಹೋಗಿತ್ತು. ಕೊನೆಯ ರೈಡಿನ ಹೊತ್ತಿಗೆ ಎರಡೂ ಕಡೆ ಸಮ ಸಮ. ರೈಡಿಗೆ ಹೊರಟವಳು ಸುಧಾ.

ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾ ಹೋಗಿ, ಎದುರಿನವರನ್ನು ಮುಟ್ಟಿ, ಮೂವತ್ತು ಸೆಕೆಂಡಿನೊಳಗೆ ನಡುಗೆರೆಗೆ ವಾಪಸ್ ಬರಬೇಕು. ಸುಧಾ ಹೋದಳು, ಒಬ್ಬಳನ್ನು ಮುಟ್ಟಿದಳು, ತಿರುಗಿದಳು. ಅನು ಹಿಂದಿನಿಂದ ಹಾರಿ ಅಕ್ಕನ ಕಾಲು ಹಿಡಿದಳು. ಸುಧಾ ದಬ್ಬನೆ ಬಿದ್ದಳು, ಅವಳ ಮೇಲೆ ಇನ್ನಿಬ್ಬರು ಬಿದ್ದರು. ಧೂಳೋ ಧೂಳು, ಕೂಗೋ ಕೂಗು. ಅಂಪೈರ್ ಮಹದೇವಯ್ಯ ಮೇಷ್ಟ್ರು ಗಡಿಯಾರ ನೋಡಿ ಸೀಟಿ ಊದಿದರು. ಧೂಳು ಇಳಿದಾಗ ಸುಧಾಳ ಕೈ ಗೆರೆ ಮುಟ್ಟಲು ಇನ್ನೂ ಒಂದು ಗೇಣು ಇರುವಾಗಲೇ ಸುಮ್ಮನೆ ಬಿದ್ದಿತ್ತು. ಟೈಮು ಮುಗೀತು, ಔಟು. ಕಪ್ಪು ಕಟ್ಟೆಮಳಲವಾಡಿಗೆ.

ಸೋತದ್ದಕ್ಕೆ ನಮ್ಮೂರವರು ಅತ್ತಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಆದರೆ ಪುಟ್ಟಸ್ವಾಮಿ ಬಾಯಿ ತೆಗೆದ. "ಸೋತಿಲ್ಲ ಕಣ್ರಲಾ, ಬುಟ್ಕೊಟ್ಟವ್ಳೆ. ತಂಗಿ ಕಾಲಿಡ್ದ ತಕ್ಷಣ ಉಸ್ರು ಬುಟ್ಟು ಮಲಿಕಂಡ್ಳು. ನಾನು ಕಣ್ಣಾರೆ ನೋಡ್ದೆ." ಇವನು ನಿಂತಿದ್ದದ್ದು ಮೈದಾನದ ಆ ಕೊನೆಯಲ್ಲಿ, ಬೋಂಡಾ ಅಂಗಡಿಯ ಹತ್ತಿರ. ಕಣ್ಣಾರೆ ನೋಡಿದ್ದು ಬೋಂಡಾವನ್ನ. ಆದರೂ ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹಾರಿ, ನೋಡ್ತಾ ನೋಡ್ತಾ ಇಡೀ ಊರೇ ಬುಟ್ಕೊಟ್ಟವ್ಳೆ, ಬುಟ್ಕೊಟ್ಟವ್ಳೆ ಅನ್ನತೊಡಗಿತು.

"ಇಲ್ಲ, ನಾನು ಬುಟ್ಟಿಲ್ಲ" ಅಂದಳು ಸುಧಾ. ಅವಳ ಮಂಡಿಯ ಚರ್ಮ ಕಿತ್ತು ಬಂದಿತ್ತು. ಅವಳು ನೋಡುತ್ತಿದ್ದದ್ದು ಚಾಮುಂಡತ್ತೆಯ ಮುಖವನ್ನು ಮಾತ್ರ.

ಚಾಮುಂಡತ್ತೆಯ ಮುಖ ಸುಟ್ಟ ಬದನೆಕಾಯಿ ಆಗಿತ್ತು. "ನಿನ್ನ ಆಟ ನೋಡಿ ಮನೆ ತುಂಬಿಸ್ಕಂಡೆ. ನಮ್ಮೂರ ಅನ್ನ ಉಂಡು ತವರಿಗೆ ಉಸ್ರು ಬುಟ್ಯಾ? ಅಂಗಿದ್ರೆ ಅವ್ರ ಟೆಂಪೋ ನಿಂತದೆ. ಅದ್ರಲ್ಲೇ ಓಗು, ಅಲ್ಲೇ ಇರು" ಅಂದುಬಿಟ್ಟರು. ಶಿವಶಂಕರ ಅಮ್ಮನಿಗೂ ಹೆಂಡತಿಗೂ ನಡುವೆ ಬೇಲಿ ಗೂಟದ ಹಾಗೆ ನಿಂತಿದ್ದ. ಸುಧಾ ಟೆಂಪೋ ಕಡೆ ಹೊರಟಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಂತ್ಕೊಳ್ರೀ ಎಲ್ರೂ. ನನ್ನ ಹತ್ರ ವಿಡಿಯೊ ಇದೆ" ಅಂತ ಹೋಗಿದ್ದ ಗಂಟಲಲ್ಲೇ ಅರಚಿದೆ.

ಸುಧಾ ಓಡಿ ಬಂದು ನನ್ನ ತೋಳು ಹಿಡಿದಳು. "ವಾಣಕ್ಕ, ಗೆದ್ದೆ ಅಂತ ತೋರ್ಸೋಕಲ್ಲ. ಸೋತಿದ್ದು ದಿಟ. ಉಸ್ರು ಬುಟ್ಟಿಲ್ಲ ಅಂತ ಅಷ್ಟು ತೋರ್ಸು ಸಾಕು. ಇಲ್ದಿದ್ರೆ ನಾನು ಆ ಮನೆ ಒಳಕ್ಕೆ ಎಂಗೆ ಕಾಲಿಡ್ಲಿ?"

ಕ್ಯಾಮೆರಾದ ಕಾರ್ಡು ತುಂಬಿತ್ತು. ಬಹುಮಾನದ ಫೋಟೊ ತೆಗೆಯಬೇಕು ಅಂತ ಪಂದ್ಯ ಮುಗಿದ ಕೂಡಲೇ ವಿಡಿಯೊ ಎಲ್ಲ ಲ್ಯಾಪ್‌ಟಾಪಿಗೆ ಹಾಕಿ, ಕಾರ್ಡು ಅಳಿಸಿದ್ದೆ. ಅಂದರೆ ಸುಧಾಳ ಮಾನ ಈಗ ಆ ಲ್ಯಾಪ್‌ಟಾಪಿನೊಳಗೆ ಮಾತ್ರ ಇತ್ತು. ಅದನ್ನು ಮೈದಾನದ ಪಕ್ಕದ ಹಾಲಿನ ಡೈರಿ ಜಗುಲಿಯ ಮೇಜಿನ ಮೇಲೆ ತೆರೆದಿಟ್ಟೆ. ತೆರೆದಿಟ್ಟದ್ದೇ ತಪ್ಪು. ಈ ಕಡೆಯವರು ನಮಗೆ ತೋರ್ಸಿ ಅಂತ ಈ ಕಡೆ ಎಳೆದರು, ಆ ಕಡೆಯವರು ಆ ಕಡೆ ಎಳೆದರು. ಲ್ಯಾಪ್‌ಟಾಪು ಜಗುಲಿಯಿಂದ ಕೆಳಗೆ ಕಲ್ಲಿನ ಮೇಲೆ ಫಟಾರ್ ಅಂತ ಬಿತ್ತು.

ಎತ್ತಿ ನೋಡುತ್ತೇನೆ, ಪರದೆ ಅಡ್ಡಡ್ಡ ಸೀಳಿ ಕರ‍್ರಗೆ ಕೂತಿದೆ. ನಾನು ಎರಡೂ ಊರಿನವರ ವಂಶಾವಳಿಯನ್ನು ಬಾಯಿಗೆ ಬಂದ ಹಾಗೆ ಜಾಲಾಡಿದೆ. ಬೈದು ಉಸಿರು ತೆಗೆದುಕೊಳ್ಳುವಾಗ ಕಿವಿಗೆ ಬಿತ್ತು, ಒಳಗೆ ಸಣ್ಣ ಫ್ಯಾನು ಗುಂಯ್ ಅನ್ನುತ್ತಿದೆ. ಆಫ್ ಮಾಡಿ ಆನ್ ಮಾಡಿದೆ. ಶುರುವಾಗುವಾಗ ಬರುವ ಟಿಣ್ ಟಿಣ್ ರಾಗವೂ ಬಂತು. ಜೀವ ಇದೆ, ಕಣ್ಣು ಮಾತ್ರ ಹೋಗಿದೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಕಣ್ಣು ನನ್ನ ಕ್ಲಾಸಿನಲ್ಲಿ ಎರಡೆರಡು ಇವೆಯಲ್ಲ.

"ಶಿವಶಂಕರ, ಗೂಟದ ಹಾಗೆ ನಿಂತಿದ್ದು ಸಾಕು. ಓಡು, ಕ್ಲಾಸಿಂದ ಒಂದು ಮಾನಿಟರೂ ಸ್ಪೀಕರೂ ಹೊತ್ಕೊಂಡು ಬಾ" ಅಂದೆ. ಹೆಂಡತಿಗೋಸ್ಕರ ಒಂದು ಕೆಲಸ ಸಿಕ್ಕಿದ್ದೇ ಸಾಕು, ಅವನು ಕಾಲಿಗೆ ಬುದ್ಧಿ ಹೇಳಿದ. ಆ ಡುಬ್ಬದ ಮಾನಿಟರನ್ನು ಕೂಸಿನ ಹಾಗೆ ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದ. ನೀಲಿ ಪಿನ್ನಿನ ವೈರನ್ನು ಲ್ಯಾಪ್‌ಟಾಪಿನ ಪಕ್ಕದ ತೂತಿಗೆ ಸಿಕ್ಕಿಸಿದೆ, ಕರೆಂಟು ಕೊಟ್ಟೆ. ಜನ ಉಸಿರು ಬಿಗಿಹಿಡಿದು ನೋಡಿದರು. ಮಾನಿಟರಿನಲ್ಲಿ ಒಂದು ಚೌಕ ಅಲ್ಲಿಂದಿಲ್ಲಿಗೆ ತೇಲಾಡಿತು, ನೋ ಸಿಗ್ನಲ್. ಆಮೇಲೆ ಅದೂ ಕಪ್ಪಾಯಿತು.

ವೈರು ಬಿಚ್ಚಿ ನೋಡಿದೆ. ಒಂದು ಪಿನ್ನು ಬಗ್ಗಿತ್ತು. ತಲೆಯ ಹೇರ್‌ಪಿನ್ ತೆಗೆದು ಅದನ್ನು ನೆಟ್ಟಗೆ ಮಾಡಿ ಹಾಕಿದೆ. ನೋ ಸಿಗ್ನಲ್. ಸ್ಕ್ರೂ ಬಿಗಿ ಮಾಡಿದೆ, ಮತ್ತೆ ಆಫ್ ಮಾಡಿ ಆನ್ ಮಾಡಿದೆ. ಟಿಣ್ ಟಿಣ್ ಅಂತು, ಚಿತ್ರ ಮಾತ್ರ ಇಲ್ಲ. ಕೀಬೋರ್ಡಿನಲ್ಲಿ ಎಫ್ ಎಂಟು ಅನ್ನುವ ಬಟನ್ನಿನ ಮೇಲೆ ಪುಟ್ಟದೊಂದು ಟೀವಿಯ ಗುರುತು ಕಂಡಿತು. ಇದೇ ಇರಬೇಕು ಅಂತ ಒತ್ತಿದೆ. ಏನೂ ಇಲ್ಲ. ಹತ್ತು ಸಲ ಒತ್ತಿದೆ. ಅತ್ತ ಟೆಂಪೋ ಡ್ರೈವರು ಹಾರ್ನ್ ಹೊಡೆಯಲು ಶುರು ಮಾಡಿದ.

ಧರ್ಮೇಂದ್ರನಿಗೆ ಫೋನ್ ಮಾಡುವುದೊಂದೇ ದಾರಿ. ಆದರೆ ಆಗ ನಮ್ಮೂರಿನಲ್ಲಿ ಮೊಬೈಲು ಮಾತಾಡುತ್ತಿದ್ದದ್ದು ಮೈದಾನದ ಆಚೆಯ ಹುಣಸೆಮರದ ಕಟ್ಟೆಯ ಮೇಲೆ ಮಾತ್ರ. ಕರೆಂಟು ಇದ್ದದ್ದು ಡೈರಿಯಲ್ಲಿ. ಅದೃಷ್ಟಕ್ಕೆ ಪಂದ್ಯದ ಬ್ಯಾಟರಿ ಮೈಕು ಆ ಕಟ್ಟೆಯ ಮೇಲೆಯೇ ಇತ್ತು, ಮೈಕಿನ ಮುಂದೆ ಕಾಮೆಂಟರಿ ಹೇಳುವ ಮಂಟಯ್ಯ ಇದ್ದ. ನನ್ನ ಫೋನು ಅವನ ಕೈಗೆ ಕೊಟ್ಟು, ಧರ್ಮೇಂದ್ರ ಹೇಳಿದ್ದನ್ನು ಮೈಕಲ್ಲಿ ಹೇಳು, ನಾನು ಡೈರಿಯಲ್ಲಿ ಮಾಡುತ್ತೇನೆ ಅಂತ ಹೇಳಿ ವಾಪಸ್ ಬಂದೆ. ಮಂಟಯ್ಯನಿಗೆ ಇದಕ್ಕಿಂತ ದೊಡ್ಡ ಕಾಮೆಂಟರಿ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಅಲೋ, ಧರ್ಮೇಂದ್ರಪ್ಪೋರಾ? ನಾನು ಆರ್ನಳ್ಳಿ ಮಂಟಯ್ಯ ಕಣ್ರೀ" ಅಂತ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸಿತು. "ವಾಣವ್ವ, ವೈರು ಬಿಗಿಯಾಗಿ ಕೂತದಾ ಅಂತ ಕೇಳ್ತಾವ್ರೆ."

ಹೂಂ ಅಂತ ದೂರದಿಂದಲೇ ಕೈಯೆತ್ತಿದೆ.

"ಎಡಗಡೆ ಮೂಲೇಲಿ ಎಫ್ ಎನ್ ಅಂತ ಒಂದು ಬಟನ್ ಅದಂತೆ. ಒತ್ಬೇಕಂತೆ."

ಇತ್ತು. ಒತ್ತಿದೆ.

ಆಮೇಲೆ ಮೈಕು ಸುಮ್ಮನಾಯಿತು. ಮಂಟಯ್ಯ ಫೋನನ್ನು ಕಿವಿಗೆ ಒತ್ತಿಕೊಂಡು ಆಕಾಶ ನೋಡುತ್ತಾ ನಿಂತ. ನಾನು ಕಾದೆ, ಎರಡೂ ಊರಿನವರು ಕಾದರು. ಬಹಳ ಹೊತ್ತಾದ ಮೇಲೆ, "ಎಫ್ ಎಂಟು ಒತ್ಬೇಕಂತೆ" ಅಂದ. ಒತ್ತಿದೆ. ಮಾನಿಟರು ಕಪ್ಪು.

"ಬತ್ತಾ?"

ಇಲ್ಲ ಅಂತ ಕೈಯಾಡಿಸಿದೆ. ಮತ್ತೆ ಮೊದಲಿಂದ ಶುರು. ಎಫ್ ಎನ್ ಒತ್ಬೇಕಂತೆ. ಒತ್ತಿದೆ. ಮಂಟಯ್ಯ ಮತ್ತೆ ಮೂಕ. ಆಮೇಲೆ ಎಫ್ ಎಂಟು. ಏನೂ ಇಲ್ಲ. ಮೂರನೆಯ ಸಲವೂ ಅದೇ ಕತೆ. ಟೆಂಪೋ ಸ್ಟಾರ್ಟ್ ಆಯಿತು. ಅನು ಟೆಂಪೋದಿಂದ ಹಾರಿ ಬಂದು ಅಕ್ಕನ ಪಕ್ಕ ನಿಂತಳು. "ಇದು ನೋಡದೇ ನಾನು ಬರಲ್ಲ" ಅಂತ ತನ್ನ ಊರಿನವರಿಗೆ ಹೇಳಿದಳು. ಪುಟ್ಟಸ್ವಾಮಿ ಹಿಂದಿನಿಂದ, "ಇದ್ರಲ್ಲಿ ವಿಡಿಯೋನೂ ಇಲ್ಲ, ಗಿಡಿಯೋನೂ ಇಲ್ಲ" ಅಂದ. ಚಾಮುಂಡತ್ತೆ ಜಗುಲಿಯ ಕಂಬಕ್ಕೆ ಒರಗಿ ಮುಖ ಆ ಕಡೆ ತಿರುಗಿಸಿದರು. ಅದನ್ನು ಸುಧಾ ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ನನಗೆ ತಲೆ ಕೆಟ್ಟುಹೋಯಿತು. ಚಪ್ಪಲಿ ಬಿಟ್ಟು ಹುಣಸೆಮರದ ತನಕ ಓಡಿದೆ.

"ಮಂಟಯ್ಯ, ಅವನು ಏನಂದ ಅಂತ ಒಂದಕ್ಷರ ಬಿಡದೆ ಹೇಳು."

"ಎಫ್ ಎನ್ ಒತ್ತಿ ಅಂದ್ರು. ಆಮ್ಯಾಕೆ, ಅಂಗೇ ಇಡ್ಕೊಂಡಿರಿ, ಬುಡ್ಬ್ಯಾಡಿ ಅಂದ್ರು. ನಾನೂ ಇಡ್ಕೊಂಡೇ ನಿಂತಿವ್ನಿ ಕಣವ್ವ. ಮೂರು ಸಲ್ತಿನೂ ಅಂಗೇ. ಎಷ್ಟೊತ್ತು ಅಂತ ಇಡ್ಕೊಳಾದು, ಕೈ ಸೋತೋಯ್ತು."

"ಏನನ್ನ ಇಡ್ಕೊಂಡಿದ್ದೆ?"

"ಫೋನ್ನ."

ಇಷ್ಟೂ ಮಾತು ಮೈಕಿನಲ್ಲಿ ಹೋಗುತ್ತಿತ್ತು. ಮೈದಾನವೆಲ್ಲ ಗೊಳ್ಳೆಂದಿತು. ಫೋನಿನಲ್ಲಿ ಯಾರಾದರೂ ಇಡ್ಕೊಂಡಿರಿ ಅಂದರೆ ನಾವೆಲ್ಲ ಮಾಡುವುದೇನು? ಲೈನು ಕಟ್ ಮಾಡದೆ ಫೋನು ಹಿಡಿದು ನಿಲ್ಲುತ್ತೇವೆ. ಮಂಟಯ್ಯನೂ ಅದನ್ನೇ ಮಾಡಿದ್ದ. ಪಾಪ, ಅವನ ತಪ್ಪೇನು? ಆದರೂ ಆ ಗಳಿಗೆಯಲ್ಲಿ ಅವನನ್ನು ಹುಣಸೆಮರಕ್ಕೆ ಕಟ್ಟಿಹಾಕೋಣ ಅನ್ನಿಸಿದ್ದು ಸುಳ್ಳಲ್ಲ. "ಇಡ್ಕೊಬೇಕಾಗಿದ್ದು ಬಟನ್ನು ಕಣೋ ಮಾರಾಯ" ಅಂತ ಅಂದು ಬಂದ ದಾರಿಯಲ್ಲೇ ವಾಪಸ್ ಓಡಿದೆ.

ಎಡಗೈಯ ಹೆಬ್ಬೆರಳಲ್ಲಿ ಎಫ್ ಎನ್ ಒತ್ತಿದೆ. ಬಿಡಲಿಲ್ಲ. ಸುತ್ತ ನಿಂತಿದ್ದ ಎರಡೂ ತಂಡದ ಹುಡುಗಿಯರು ಅಭ್ಯಾಸಬಲದಿಂದಲೋ ಏನೋ, ಕ್ಯಾಚಿನಲ್ಲಿ ಕೂಗುವ ಹಾಗೆ, "ಇಡ್ಕೋ ವಾಣಕ್ಕ, ಬುಡ್ಬ್ಯಾಡ, ಬುಡ್ಬ್ಯಾಡ" ಅಂತ ಕೂಗಲು ಹಿಡಿದರು. ಬಲಗೈಯಲ್ಲಿ ಎಫ್ ಎಂಟು ಒತ್ತಿದೆ. ಮಾನಿಟರು ಟಕ್ ಅಂತು, ಮತ್ತೆ ಕಪ್ಪು. ಇನ್ನೊಂದು ಸಲ ಒತ್ತಿದೆ.

ಬೆಳಕು ಬಂತು. ಹಸಿರು ಗುಡ್ಡ, ನೀಲಿ ಆಕಾಶ, ನನ್ನ ಕ್ಲಾಸಿನ ಫೋಲ್ಡರುಗಳು, ಎಲ್ಲ ಬಂತು. ಜನ ಹೋ ಅಂತ ಕೂಗಿದ ಅಬ್ಬರಕ್ಕೆ ಹುಣಸೆಮರದ ಕಾಗೆಗಳೆಲ್ಲ ಎದ್ದವು. ಶಿವಶಂಕರ ಯಾರು ಎತ್ತ ಅಂತ ನೋಡದೆ ಅಂಪೈರ್ ಮೇಷ್ಟ್ರನ್ನೇ ತಬ್ಬಿಕೊಂಡ. ಟೆಂಪೋ ಡ್ರೈವರು ಇಂಜಿನ್ ಆಫ್ ಮಾಡಿ ಇಳಿದು ಬಂದ. ನಾನು ವಿಡಿಯೊ ಹುಡುಕಿ, ಕೊನೆಯ ರೈಡಿಗೆ ತಂದು, ಕ್ಲಾಸಿನ ಸ್ಪೀಕರ್ ಸಿಕ್ಕಿಸಿ ಸೌಂಡು ಪೂರ್ತಿ ಕೊಟ್ಟೆ. "ಮುಂದಿರೋರು ಕೂತ್ಕೊಳ್ರಿ. ಯಾರಾದ್ರೂ ಮೇಜು ಮುಟ್ಟಿದ್ರೆ ಕೈ ಮುರೀತೀನಿ" ಅಂದೆ. ಕೂತರು.

ಸುಧಾ ಹೋದಳು, ಮುಟ್ಟಿದಳು, ತಿರುಗಿದಳು. ಅನು ಹಾರಿದಳು, ಬಿದ್ದರು. ಅಲ್ಲಿಂದ ಮೇಲೆ ಮೈದಾನದಲ್ಲಿ ಯಾರಿಗೂ ಕಾಣದಿದ್ದದ್ದು ನನ್ನ ಕ್ಯಾಮೆರಾಕ್ಕೆ ಕಂಡಿತ್ತು, ಯಾಕೆಂದರೆ ನಾನು ನೆಲದಲ್ಲಿ, ಗೆರೆಯ ಪಕ್ಕದಲ್ಲೇ ಕೂತಿದ್ದೆ. ಮೂವರ ಭಾರದ ಕೆಳಗೆ ಸುಧಾಳ ಬೆರಳುಗಳು ಮಣ್ಣನ್ನು ಬಗೆಯುತ್ತಾ ಮುಂದಕ್ಕೆ ಬರುತ್ತಿದ್ದವು. ಕೈ ಒಂದು ಬೆರಳಷ್ಟು ಮುಂದೆ ಬರುತ್ತದೆ, ಅನು ಕಾಲು ಹಿಡಿದು ಎಳೆಯುತ್ತಾಳೆ, ಎರಡು ಬೆರಳಷ್ಟು ಹಿಂದಕ್ಕೆ ಹೋಗುತ್ತದೆ. ಮತ್ತೆ ಬರುತ್ತದೆ. ತಂಗಿಯೂ ಅಕ್ಕ ಅಂತ ಕಾಲು ಸಡಿಲ ಬಿಡಲಿಲ್ಲ, ಅಕ್ಕನೂ ತಂಗಿ ಅಂತ ಕೈ ಸಡಿಲ ಬಿಡಲಿಲ್ಲ. ಸೀಟಿ ಕೇಳಿಸಿತು. ಸೀಟಿಯ ಹಿಂದೆ, ಮಣ್ಣಿನೊಳಗಿಂದ ಬಂದ ಹಾಗೆ, ಕಬಡ್ಡಿ. ಆಮೇಲೆ ಇನ್ನೊಂದು, ಕಬಡ್ಡಿ. ಸೀಟಿ ಊದಿದ್ದು ಅವಳಿಗೆ ಕೇಳಿಸಿಯೇ ಇರಲಿಲ್ಲ. ಮೇಲಿದ್ದವರು ಎದ್ದು ಹೋದರೂ ಅವಳ ತುಟಿ ಆಡುತ್ತಿತ್ತು. ಕಬಡ್ಡಿ, ಕಬಡ್ಡಿ ಅಂತ ಇನ್ನೂ ಹೇಳಿ, ಉಸಿರು ಪೂರ್ತಿ ಮುಗಿದ ಮೇಲೆ ಕೈ ಸುಮ್ಮನಾಯಿತು.

ಆಮೇಲೆ ಮಹದೇವಯ್ಯ ಮೇಷ್ಟ್ರು, "ನಾನು ಊದಿದ್ದು ಸರಿ. ಟೈಮು ಮುಗಿದಿತ್ತು. ಆದ್ರೆ ಇಷ್ಟು ವರ್ಷದಲ್ಲಿ ಇಂಥ ರೈಡು ನಾನು ನೋಡಿಲ್ಲ" ಅಂದರು. ಮೊದಲು ಚಪ್ಪಾಳೆ ತಟ್ಟಿದ್ದು ಕಟ್ಟೆಮಳಲವಾಡಿಯವರು. ಆಮೇಲೆ ನಮ್ಮವರು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಸೋತ ಊರು ಅಷ್ಟು ಖುಷಿಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಪುಟ್ಟಸ್ವಾಮಿ ಎಲ್ಲಿ ಅಂತ ನೋಡಿದೆ, ಬೋಂಡಾ ಅಂಗಡಿಯಲ್ಲೂ ಇರಲಿಲ್ಲ. ಅನು ಅಕ್ಕನ ಕೊರಳಿಗೆ ಬಿದ್ದು, "ನಿನ್ ಕಾಲಿಡ್ಕಂಡು ನನ್ ತೋಳೇ ಬಿದ್ದೋಯ್ತು ಕಣೆ, ಎಮ್ಮೆ" ಅಂತ ಅಳುತ್ತಾ ನಗುತ್ತಾ ಬೈದಳು.

ಚಾಮುಂಡತ್ತೆ ಕಂಬ ಬಿಟ್ಟು ಮೇಜಿನ ಹತ್ತಿರ ಬಂದರು. "ಇನ್ನೊಂದ್ಸಲ ಆಕವ್ವ" ಅಂದರು. ಹಾಕಿದೆ. ಸೀಟಿ ಆದ ಮೇಲಿನ ಕಬಡ್ಡಿ ಕೇಳಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಗಿದ ಮೇಲೆ ಸುಧಾಳ ಕಡೆ ತಿರುಗಿ, ಅವಳ ಮಣ್ಣು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಮ್ಮ ಕಡೆ ಅತ್ತೆಯಾದವಳು ಸೊಸೆಯ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನಂತೂ ಕಂಡಿರಲಿಲ್ಲ. ಅದೂ ಎರಡು ಊರಿನ ಮುಂದೆ.

"ತಪ್ಪಾಯ್ತು ಕಣವ್ವ. ಅವರಿವರ ಮಾತು ಕಟ್ಕಂಡು ಅಂದ್ಬುಟ್ಟೆ. ಓಗ್ಬ್ಯಾಡ."

ಸುಧಾ ಬೆಳಿಗ್ಗೆಯಿಂದ ತಡೆದಿದ್ದನ್ನೆಲ್ಲ ಅತ್ತುಬಿಟ್ಟಳು. ಅತ್ತು ಮುಗಿಸಿ, ತೋಳಿನಿಂದ ಮೂಗು ಒರೆಸಿಕೊಂಡು, ಅತ್ತೆಯ ಮುಖವನ್ನೇ ನೋಡುತ್ತಾ ಅಂದಳು.

"ಓಗಲ್ಲ ಅತ್ತೆ. ಆದ್ರೆ ಇನ್ನೊಂದ್ಸಲ ಅಂಗಂದ್ರೆ ಟೆಂಪೋ ಗಿಂಪೋ ಕಾಯಲ್ಲ, ನಡ್ಕಂಡೇ ಓಗ್ಬುಡ್ತೀನಿ."

"ಅನ್ನಲ್ಲ ಕಣವ್ವ" ಅಂದರು ಚಾಮುಂಡತ್ತೆ, ಎಲ್ಲರಿಗೂ ಕೇಳುವ ಹಾಗೆ.